ಟೆಕ್ಸಾಸಿನಲ್ಲಿ ಕಾರ್ಖಾನೆಗೆ ಆಸ್ತಿ ತೆರಿಗೆ ವಿನಾಯಿತಿ: ಸಹಿ ಮೊದಲು, ಜೆಸಿಬಿ ಆಮೇಲೆ

ಪೀಣ್ಯದಲ್ಲಿಯೋ ಬೆಳಗಾವಿಯಲ್ಲಿಯೋ ವರ್ಷಗಟ್ಟಲೆ ಯಂತ್ರಭಾಗ ತಯಾರಿಸಿ ಪಳಗಿದವರು ಟೆಕ್ಸಾಸಿಗೆ ಬಂದು ಒಂದು ಘಟಕ ಹಾಕಲು ಹೊರಡುತ್ತಾರೆ. ಜಾಗ ಕೊಳ್ಳುತ್ತಾರೆ, ಕಾಂಟ್ರಾಕ್ಟರನಿಗೆ ಮುಂಗಡ ಕೊಡುತ್ತಾರೆ, ತಳಪಾಯವನ್ನೂ ಹಾಕಿಸುತ್ತಾರೆ. ಅದೆಲ್ಲ ಮುಗಿದ ಮೇಲೆ ನನಗೆ ಕರೆ ಬರುತ್ತದೆ: “ಹೊಸ ಕಾರ್ಖಾನೆಗೆ ಇಲ್ಲಿ ಹತ್ತು ವರ್ಷ ಆಸ್ತಿ ತೆರಿಗೆ ಮಾಫಿಯಂತೆ. ಅರ್ಜಿ ಎಲ್ಲಿ ಹಾಕಬೇಕು ಸಾರ್?” ಆ ಹೊತ್ತಿಗೆ ನಾನು ಹೇಳಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿ ಬೇಸತ್ತು ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ಇಲ್ಲಿರುವುದು ಟೆಕ್ಸಾಸ್ ತೆರಿಗೆ ಸಂಹಿತೆಯ 312ನೇ ಅಧ್ಯಾಯದ ದಾರಿ: ನಗರಸಭೆ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಜೊತೆ ಒಪ್ಪಂದ ಮಾಡಿಕೊಂಡು ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಪಡೆಯುವುದು. ಬೇರೆ ರಾಜ್ಯಗಳ ಕಾನೂನು ಬೇರೆ, ಅಲ್ಲಿಗೆ ಇದನ್ನು ಹೊತ್ತೊಯ್ಯಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸ್ಥಳೀಯ ವಕೀಲರೊಬ್ಬರಿಗೆ ತೋರಿಸಲೇಬೇಕು. ಆದರೆ ಅವರ ಬಳಿಗೆ ಹೋಗುವಾಗ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರಲಿ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು

ಜಾಗದ ಕ್ರಯಪತ್ರ ಅಥವಾ ಗುತ್ತಿಗೆ ಪತ್ರ, ಗಡಿ ತೋರಿಸುವ ಸರ್ವೆ ನಕ್ಷೆ, ಕಟ್ಟಡದ ಅಂದಾಜು ವೆಚ್ಚ, ತರಲಿರುವ ಯಂತ್ರಗಳ ಬೆಲೆಸಹಿತ ಪಟ್ಟಿ, ವರ್ಷವಾರು ಎಷ್ಟು ಜನರಿಗೆ ಯಾವ ಸಂಬಳದ ಕೆಲಸ ಎಂಬ ಲೆಕ್ಕ. ಇವುಗಳ ಜೊತೆಗೆ ಜಾಗದ ಈ ವರ್ಷದ ಮೌಲ್ಯಮಾಪನದ ಒಂದು ಪ್ರತಿ. ಇದು ಆಸ್ತಿಗೆ ಮೌಲ್ಯ ಕಟ್ಟುವ ಕಚೇರಿಯಾದ ಆ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಮುದ್ರಿಸಿ, ತೆಗೆದುಕೊಂಡ ದಿನಾಂಕ ಬರೆದಿಡಿ. ಮುಂದೆ ಜಗಳವೇನಾದರೂ ಬಂದರೆ ಈ ಒಂದು ಹಾಳೆಯ ಮೇಲೆಯೇ ಬರುತ್ತದೆ.

ಹಂತ 1: ಯಾರ್ಯಾರು ತೆರಿಗೆ ಹಾಕುತ್ತಾರೆ, ಪಟ್ಟಿ ಮಾಡಿ

ಕರ್ನಾಟಕದ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಕೈಗಾರಿಕಾ ನೀತಿ ರಾಜ್ಯ ಸರ್ಕಾರದ್ದು. ಉದ್ಯೋಗ ಮಿತ್ರದ ಏಕಗವಾಕ್ಷಿಗೆ ಹೋದರೆ ಮುಂದಿನ ದಾರಿ ತಿಳಿಯುತ್ತದೆ. ಟೆಕ್ಸಾಸಿನಲ್ಲಿ ರಾಜ್ಯ ಸರ್ಕಾರ ಆಸ್ತಿ ತೆರಿಗೆಯನ್ನೇ ಹಾಕುವುದಿಲ್ಲ. ಹಾಕುವುದು ನಗರಸಭೆ, ಕೌಂಟಿ, ಶಾಲಾ ಜಿಲ್ಲೆ, ಕೆಲವೆಡೆ ಕಾಲೇಜು ಜಿಲ್ಲೆ, ಆಸ್ಪತ್ರೆ ಜಿಲ್ಲೆ, ನೀರಿನ ಜಿಲ್ಲೆ. ಇಲ್ಲಿ ಜಿಲ್ಲೆ ಎಂದರೆ ಆ ಒಂದು ಸೇವೆಗಾಗಿ ತೆರಿಗೆ ಹಾಕುವ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಒಂದೇ ಜಾಗಕ್ಕೆ ಐದಾರು ಸಂಸ್ಥೆಗಳು ತೆರಿಗೆ ಹಾಕುವುದು ಮಾಮೂಲು. ವಿನಾಯಿತಿಯನ್ನೂ ಅವರವರೇ ಕೊಡಬೇಕು. ನಗರಸಭೆ ಒಪ್ಪಿದ ಮಾತ್ರಕ್ಕೆ ಕೌಂಟಿ ಒಪ್ಪಿದಂತಲ್ಲ.

ಜಾಗ ನಗರದ ಗಡಿಯೊಳಗಿದ್ದರೆ ಮೊದಲ ಬಾಗಿಲು ಸಿಟಿ ಕೌನ್ಸಿಲ್. ಗಡಿಯ ಹೊರಗಿದ್ದರೆ ಕೌಂಟಿಯ ಕಮಿಷನರ್ಸ್ ಕೋರ್ಟ್. ಹೆಸರಿನಲ್ಲಿ ಕೋರ್ಟ್ ಇದೆ ಎಂದು ಗಾಬರಿ ಬೀಳಬೇಡಿ, ಅದು ಕೌಂಟಿಯ ಆಡಳಿತ ಮಂಡಳಿ. ಕೌಂಟಿ ಜಡ್ಜ್ ಒಬ್ಬರು, ಕಮಿಷನರ್‌ಗಳು ನಾಲ್ವರು.

ಅಪ್ರೈಸಲ್ ಡಿಸ್ಟ್ರಿಕ್ಟ್ ಮೌಲ್ಯ ಕಟ್ಟುತ್ತದೆ ಅಷ್ಟೆ. ವಿನಾಯಿತಿ ಕೊಡಿ ಎಂದು ಅಲ್ಲಿ ಕೇಳಿ ಪ್ರಯೋಜನವಿಲ್ಲ. ಆದರೆ ಮಂಜೂರಾದ ವಿನಾಯಿತಿಯನ್ನು ಪ್ರತಿ ವರ್ಷ ದಾಖಲಿಸಿಕೊಳ್ಳುವುದು ಅಲ್ಲಿಯೇ. ಈ ಎರಡನ್ನೂ ಗೊಂದಲ ಮಾಡಿಕೊಂಡವರು ಬಹಳ ಮಂದಿ.

ಹಂತ 2: ನಿಜವಾಗಿ ಎಷ್ಟು ಉಳಿಯುತ್ತದೆ, ಲೆಕ್ಕ ಹಾಕಿ

“ಶೇ 50 ವಿನಾಯಿತಿ” ಎಂದರೆ ತೆರಿಗೆ ಅರ್ಧವಾಗುತ್ತದೆ ಎಂದು ಬ್ಯಾಂಕಿನ ಸಾಲದ ಕಾಗದದಲ್ಲಿ ಬರೆದುಕೊಟ್ಟವರನ್ನು ನೋಡಿದ್ದೇನೆ. ಅರ್ಧವಾಗುವುದಿಲ್ಲ. ಕಾರಣ ಎರಡು. ಒಂದು, ಸ್ಥಿರಾಸ್ತಿಗೆ ಸಿಗುವ ವಿನಾಯಿತಿ ಹೆಚ್ಚಿದ ಮೌಲ್ಯಕ್ಕೆ ಮಾತ್ರ. ಒಪ್ಪಂದವಾದ ವರ್ಷದಲ್ಲಿ ಜಾಗಕ್ಕೆ ಎಷ್ಟು ಮೌಲ್ಯವಿತ್ತೋ ಅದರ ಮೇಲೆ ಪೂರ್ತಿ ತೆರಿಗೆ ಕಟ್ಟುತ್ತಲೇ ಇರಬೇಕು. ಎರಡು, ಶಾಲಾ ಜಿಲ್ಲೆಗಳು 2001ರಿಂದೀಚೆಗೆ ಇಂಥ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಬಿಲ್ಲಿನಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಶಾಲೆಯದೇ.

ಒಂದು ಕಲ್ಪಿತ ಲೆಕ್ಕ ನೋಡೋಣ. ಜಾಗ ಮತ್ತು ಹಳೆಯ ಶೆಡ್‌ನ ಮೌಲ್ಯ 20 ಲಕ್ಷ ಡಾಲರ್. ಹೊಸ ಕಟ್ಟಡ 50 ಲಕ್ಷ, ಯಂತ್ರಗಳು 30 ಲಕ್ಷ. ಒಟ್ಟು 1 ಕೋಟಿ ಡಾಲರ್. ನೂರು ಡಾಲರ್ ಮೌಲ್ಯಕ್ಕೆ ನಗರದ ದರ 50 ಸೆಂಟ್, ಕೌಂಟಿಯದು 25 ಸೆಂಟ್, ಶಾಲೆಯದು 1 ಡಾಲರ್ 10 ಸೆಂಟ್ ಎಂದಿಟ್ಟುಕೊಳ್ಳಿ. ವಿನಾಯಿತಿ ಇಲ್ಲದಿದ್ದರೆ ನಗರಕ್ಕೆ 50,000, ಕೌಂಟಿಗೆ 25,000, ಶಾಲೆಗೆ 1,10,000, ಒಟ್ಟು 1,85,000 ಡಾಲರ್. ಈಗ ನಗರ, ಕೌಂಟಿ ಎರಡೂ ಹೊಸ 80 ಲಕ್ಷದ ಮೇಲೆ ಶೇ 50 ವಿನಾಯಿತಿ ಕೊಟ್ಟವು ಎನ್ನಿ. ನಗರದಿಂದ 20,000, ಕೌಂಟಿಯಿಂದ 10,000 ಉಳಿಯಿತು. ಬಿಲ್ಲು 1,55,000ಕ್ಕೆ ಇಳಿಯಿತು. ಅಂದರೆ ಉಳಿತಾಯ ಶೇ 16 ಚಿಲ್ಲರೆ. ಹತ್ತು ವರ್ಷಕ್ಕೆ ಇದೂ ಸಣ್ಣ ಮೊತ್ತವಲ್ಲ, ಆದರೆ ಅರ್ಧವಂತೂ ಅಲ್ಲ.

ಇನ್ನೂ ಒಂದು ಮಾತು. ದಾಸ್ತಾನು ಮತ್ತು ಬಳಕೆ ಸಾಮಗ್ರಿಗೆ ಈ ಅಧ್ಯಾಯದಲ್ಲಿ ವಿನಾಯಿತಿ ಇಲ್ಲ. ಗೋದಾಮಿನಲ್ಲಿ ಪೇರಿಸಿಟ್ಟ ಉಕ್ಕಿನ ಸರಳಿಗೂ ಟೆಕ್ಸಾಸಿನಲ್ಲಿ ಆಸ್ತಿ ತೆರಿಗೆ ಉಂಟು! ನಿಮ್ಮ ಸರಕು 175 ದಿನಗಳೊಳಗೆ ರಾಜ್ಯದ ಹೊರಗೆ ಹೋಗುವುದಾದರೆ ಫ್ರೀಪೋರ್ಟ್ ಎಂಬ ಬೇರೆ ವಿನಾಯಿತಿ ಇದೆ. ನಿಮ್ಮೂರಿನ ಸಂಸ್ಥೆಗಳು ಅದನ್ನು ಜಾರಿಯಲ್ಲಿಟ್ಟಿವೆಯೇ ಎಂದು ಪ್ರತ್ಯೇಕವಾಗಿ ವಿಚಾರಿಸಿ.

ಶಾಲಾ ತೆರಿಗೆಯಲ್ಲಿ ರಿಯಾಯಿತಿ ಬೇಕೆಂದರೆ 2024ರ ಜನವರಿಯಿಂದ ಜಾರಿಗೆ ಬಂದ ಜೆಟಿ (JETI) ಎಂಬ ರಾಜ್ಯ ಯೋಜನೆ ಇದೆ. ಅರ್ಜಿ ರಾಜ್ಯದ ತೆರಿಗೆ, ಲೆಕ್ಕಪತ್ರ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಗೆ. ಅದು ದೊಡ್ಡವರ ಆಟ: ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಯಲ್ಲೂ ಕನಿಷ್ಠ 2 ಕೋಟಿ ಡಾಲರ್ ಹೂಡಿಕೆ, 10 ಉದ್ಯೋಗ ಬೇಕು. ಏಳೂವರೆ ಲಕ್ಷ ದಾಟಿದ ಕೌಂಟಿಗಳಲ್ಲಿ 20 ಕೋಟಿ ಡಾಲರ್, 75 ಉದ್ಯೋಗ. ಹಳೆಯ 313ನೇ ಅಧ್ಯಾಯ 2022ರ ಕೊನೆಯ ದಿನ ಮುಗಿದುಹೋಯಿತು. ಇನ್ನೂ ಅದರ ಹೆಸರು ಹೇಳಿ ಶಾಲಾ ತೆರಿಗೆ ಕಡಿಮೆ ಮಾಡಿಸಿಕೊಡುತ್ತೇನೆನ್ನುವ ಸಲಹೆಗಾರ ಸಿಕ್ಕರೆ ಕಾಫಿ ಕುಡಿಸಿ ಕಳುಹಿಸಿ.

ಹಂತ 3: ಮಾರ್ಗಸೂಚಿಯ ದಿನಾಂಕ ನೋಡಿ

ವಿನಾಯಿತಿ ಕೊಡಬೇಕಾದರೆ ನಗರವೋ ಕೌಂಟಿಯೋ ಮೊದಲು ತಾನು ಇದರಲ್ಲಿ ಪಾಲ್ಗೊಳ್ಳುತ್ತೇನೆಂದು ನಿರ್ಣಯ ಮಾಡಿರಬೇಕು, ಮಾರ್ಗಸೂಚಿ ಮತ್ತು ಮಾನದಂಡ ಅಂಗೀಕರಿಸಿರಬೇಕು. ಈ ಮಾರ್ಗಸೂಚಿಯ ಆಯಸ್ಸು ಎರಡೇ ವರ್ಷ. ಸಣ್ಣ ಊರುಗಳಲ್ಲಿ ಅವಧಿ ಮುಗಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಮತ್ತೆ ಅಂಗೀಕರಿಸಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಅಲ್ಲಿಗೆ ನಿಮ್ಮ ವೇಳಾಪಟ್ಟಿಯಿಂದ ಕೆಲವು ವಾರಗಳು ಹೋದವು.

ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ಮಾರ್ಗಸೂಚಿ ಯಾವ ದಿನ ಅಂಗೀಕಾರವಾಯಿತು? ಸಂಸ್ಥೆಗೆ ಜಾಲತಾಣವಿದ್ದರೆ ಸದ್ಯದ ಪ್ರತಿಯನ್ನು ಅಲ್ಲಿ ಹಾಕಿರಬೇಕೆಂಬ ನಿಯಮವೂ ಇದೆ. ಓದುವಾಗ ಕನಿಷ್ಠ ಹೂಡಿಕೆ, ಕನಿಷ್ಠ ಉದ್ಯೋಗ, ಅರ್ಜಿ ಶುಲ್ಕ, ಕಾಮಗಾರಿ ಆರಂಭದ ಷರತ್ತು ಈ ನಾಲ್ಕಕ್ಕೆ ಗೆರೆ ಎಳೆಯಿರಿ.

ಮಾನದಂಡಕ್ಕೆಲ್ಲ ನಾವು ಹೊಂದುತ್ತೇವೆ, ಇನ್ನು ಕೊಡಲೇಬೇಕು ಎಂದು ವಾದಿಸಲು ಹೋಗಬೇಡಿ. ಅರ್ಹತೆ ಇದ್ದರೂ ಇದು ಹಕ್ಕಲ್ಲ. ಕೊಡುವುದು ಬಿಡುವುದು ಅವರ ವಿವೇಚನೆ ಎಂದು ಕಾನೂನೇ ಹೇಳುತ್ತದೆ.

ಹಂತ 4: ಅರ್ಜಿ ಸಲ್ಲಿಸಿ, ಮಣ್ಣು ಮುಟ್ಟಬೇಡಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಬಹುತೇಕ ಮಾರ್ಗಸೂಚಿಗಳು ಕಾಮಗಾರಿ ಆರಂಭಕ್ಕೆ ಮುನ್ನವೇ ಅರ್ಜಿ ಬರಬೇಕು ಎನ್ನುತ್ತವೆ. ಇದರ ಹಿಂದಿನ ತರ್ಕ ಸರಳ: ವಿನಾಯಿತಿ ಇಲ್ಲದೆಯೂ ನೀವು ಕಟ್ಟುತ್ತಿದ್ದೀರಿ ಎಂದಾದರೆ ಊರಿನವರು ತೆರಿಗೆ ಏಕೆ ಬಿಡಬೇಕು?

ನನ್ನ ಪರಿಚಯದ ತುಮಕೂರು ಕಡೆಯವರೊಬ್ಬರ ಕಥೆ ಹೇಳುತ್ತೇನೆ. ಕಾರ್ತಿಕದಲ್ಲಿ ಒಳ್ಳೆಯ ಮುಹೂರ್ತವಿದೆ ಎಂದು ಊರಿನ ಪುರೋಹಿತರು ಫೋನಿನಲ್ಲೇ ಹೇಳಿದರು. ನವೆಂಬರಿನಲ್ಲಿ ಗುದ್ದಲಿ ಪೂಜೆಯಾಯಿತು. ತೆಂಗಿನಕಾಯಿ ಒಡೆದು, ಪುಳಿಯೋಗರೆ ತಿಂದು ಮನೆಗೆ ಹೋಗಿದ್ದರೆ ತೊಂದರೆ ಇರಲಿಲ್ಲ. ಕಾಂಟ್ರಾಕ್ಟರ್ ಹೇಗೂ ಬಂದಿದ್ದಾನೆ ಎಂದು ಅಂದೇ ಜೆಸಿಬಿ ಇಳಿಸಿದರು. ಡಿಸೆಂಬರಿಗೆ ತಳಪಾಯ, ಕಂಬ, ಅರ್ಧ ಚಾವಣಿ ಮುಗಿದಿತ್ತು. ಅರ್ಜಿ ಹಿಡಿದು ಹೋದದ್ದು ಜನವರಿಯಲ್ಲಿ. ಅಲ್ಲಿನ ಅಧಿಕಾರಿ ತಮ್ಮ ಮೊಬೈಲಿನಲ್ಲಿ ಇವರೇ ಹಾಕಿದ್ದ ಪೂಜೆಯ ಫೋಟೋ ತೋರಿಸಿದರು. ಬಾಳೆಕಂದಿನ ಹಿಂದೆ ಹಳದಿ ಯಂತ್ರ, ಅದರ ಹಿಂದೆ ಆಳುದ್ದದ ಗುಂಡಿ.

ಮಾರ್ಗಸೂಚಿಯ ತಕರಾರು ಇಲ್ಲದಿದ್ದರೂ ಅವರಿಗೆ ನಷ್ಟವೇ ಆಗುತ್ತಿತ್ತು. ಟೆಕ್ಸಾಸಿನಲ್ಲಿ ಮೌಲ್ಯ ಕಟ್ಟುವ ದಿನ ಜನವರಿ 1. ಆ ದಿನ ಜಾಗದಲ್ಲಿ ಏನು ನಿಂತಿದೆಯೋ ಅದಕ್ಕೆಲ್ಲ ಬೆಲೆ. ಒಪ್ಪಂದ ಹಳೆಯ ವರ್ಷದಲ್ಲೇ ಆಗಿದ್ದರೆ ಮೂಲ ಮೌಲ್ಯ ಖಾಲಿ ಜಾಗದ್ದಾಗಿರುತ್ತಿತ್ತು. ಹೊಸ ವರ್ಷಕ್ಕೆ ಜಾರಿದ್ದರಿಂದ ಅರ್ಧ ಎದ್ದ ಕಟ್ಟಡವೂ ಮೂಲ ಮೌಲ್ಯದೊಳಗೆ ಸೇರುತ್ತದೆ. ಒಮ್ಮೆ ಸೇರಿದ್ದಕ್ಕೆ ಹತ್ತು ವರ್ಷವೂ ಪೂರ್ತಿ ತೆರಿಗೆ.

ಯಂತ್ರಗಳ ಕಥೆ ಇನ್ನೂ ಬಿಗಿ. ಒಪ್ಪಂದದ ಅವಧಿಗೆ ಮುನ್ನ ಆ ಜಾಗದಲ್ಲಿ ಇದ್ದ ಯಂತ್ರಕ್ಕೆ ವಿನಾಯಿತಿ ಇಲ್ಲವೇ ಇಲ್ಲ. ಹಡಗಿನಲ್ಲಿ ಬಂದ ಲೇತ್ ಯಂತ್ರವನ್ನು ಎಲ್ಲಿಡುವುದೆಂದು ತೋಚದೆ ಹಳೆಯ ಶೆಡ್ಡಿಗೆ ತಂದಿಟ್ಟರೆ ಕೆಟ್ಟಿತು. ತಿಂಗಳ ಬಾಡಿಗೆಗೆ ಬೇರೆ ಗೋದಾಮು ಹಿಡಿಯಿರಿ.

ಅರ್ಜಿಯಲ್ಲಿ ನಿಮ್ಮ ತಯಾರಿಕಾ ವಿಧಾನ, ಯಂತ್ರ ಇತ್ಯಾದಿಗಳ ನಿರ್ದಿಷ್ಟ ವಿವರ ಒಪ್ಪಂದವಾಗುವವರೆಗೆ ಗೋಪ್ಯವಾಗಿರುತ್ತದೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಆ ರಕ್ಷಣೆ ಇಲ್ಲ. ಪ್ರತಿಸ್ಪರ್ಧಿ ಓದಬಾರದಂಥದ್ದನ್ನು ಬರೆಯುವ ಮುನ್ನ ಯೋಚಿಸಿ.

ಹಂತ 5: ಮರುಹೂಡಿಕೆ ವಲಯದ ಘೋಷಣೆ

ನಿಮ್ಮ ಜಾಗ ಮರುಹೂಡಿಕೆ ವಲಯವೆಂದು, ಅಂದರೆ ಇಂಥ ವಿನಾಯಿತಿ ಕೊಡಬಹುದಾದ ಪ್ರದೇಶವೆಂದು, ಘೋಷಣೆಯಾಗಿರಬೇಕು. ವಲಯವೆಂದರೆ ಇಡೀ ಬಡಾವಣೆ ಆಗಬೇಕಿಲ್ಲ, ನಿಮ್ಮ ಒಂದೇ ನಿವೇಶನವೂ ಆಗಬಹುದು. ಮೊದಲೇ ಘೋಷಣೆಯಾಗಿದ್ದರೆ ಅವಧಿ ನೋಡಿ. ವಲಯ ಐದು ವರ್ಷ ಇರುತ್ತದೆ, ಆಮೇಲೆ ನವೀಕರಿಸಬೇಕು.

ಹೊಸದಾಗಿ ಘೋಷಿಸಲು ಸಾರ್ವಜನಿಕ ಅಹವಾಲು ಸಭೆ ಬೇಕು. ಸಭೆಗೆ ಏಳು ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ, ಆ ಜಾಗಕ್ಕೆ ತೆರಿಗೆ ಹಾಕುವ ಇತರ ಸಂಸ್ಥೆಗಳ ಮುಖ್ಯಸ್ಥರಿಗೆ ಲಿಖಿತ ನೋಟಿಸ್. ಊರಿನ ಪತ್ರಿಕೆ ವಾರಪತ್ರಿಕೆಯಾಗಿದ್ದರೆ ಒಂದು ಸಂಚಿಕೆ ತಪ್ಪಿದರೆ ಸಭೆಯೇ ಮುಂದಕ್ಕೆ ಹೋಗುತ್ತದೆ. ಪ್ರಕಟಣೆ ಕೊಡುವ ಕೆಲಸ ನಗರದ್ದು, ನಿಜ. ಆದರೂ ಆ ಪುಟದ ಒಂದು ಪ್ರತಿಯನ್ನು ನಿಮ್ಮ ಕಡತಕ್ಕೆ ಸೇರಿಸಿ.

ವಲಯದಲ್ಲಿ ಆಗುವ ಅಭಿವೃದ್ಧಿ ಕಾರ್ಯಸಾಧ್ಯವಾದದ್ದು, ಒಪ್ಪಂದ ಮುಗಿದ ಮೇಲೂ ಜಾಗಕ್ಕೂ ಊರಿಗೂ ಉಪಯೋಗವಾಗುವಂಥದ್ದು ಎಂದು ಕೌನ್ಸಿಲ್ ಕಂಡುಕೊಂಡಿರಬೇಕು. ಆ ಮಾತು ಆದೇಶದಲ್ಲಿ ಇದೆಯೇ ಎಂದು ಓದಿ ನೋಡಿ. ಕಣ್ತಪ್ಪಿನಿಂದ ಬಿಟ್ಟುಹೋದ ಒಂದು ವಾಕ್ಯ ಮುಂದೆ ಇಡೀ ಒಪ್ಪಂದವನ್ನೇ ಪ್ರಶ್ನೆಗೆ ಒಡ್ಡಬಲ್ಲದು.

ಹಂತ 6: ಮೂವತ್ತು ದಿನದ ನೋಟಿಸ್, ನಂತರ ಮತದಾನ

ಒಪ್ಪಂದ ಚರ್ಚೆಗೆ ಬರುವ ಸಭೆಗೆ ಕನಿಷ್ಠ 30 ದಿನ ಮೊದಲು ಸಾರ್ವಜನಿಕ ನೋಟಿಸ್ ಕೊಡಬೇಕು. 2019ರ ತಿದ್ದುಪಡಿಯಲ್ಲಿ ಬಂದ ನಿಯಮವಿದು. ಆಸ್ತಿ ಮಾಲೀಕರ ಮತ್ತು ಅರ್ಜಿದಾರರ ಹೆಸರು, ವಲಯದ ಹೆಸರು ಮತ್ತು ಸ್ಥಳ, ಕಟ್ಟಲಿರುವುದರ ಸ್ಥೂಲ ವಿವರ, ಅಂದಾಜು ವೆಚ್ಚ ಇಷ್ಟೂ ಅದರಲ್ಲಿರಬೇಕು. ಹಳೆಯ ಮಾದರಿ ಪ್ರತಿಗಳನ್ನು ಇಟ್ಟುಕೊಂಡವರು ಇದನ್ನು ಮರೆಯುತ್ತಾರೆ. ಇತರ ತೆರಿಗೆ ಸಂಸ್ಥೆಗಳಿಗೆ ಏಳು ದಿನ ಮುಂಚಿತ ನೋಟಿಸ್ ಇದಕ್ಕಿಂತ ಬೇರೆ.

ಈಗ ಹಿಂದಿನಿಂದ ಎಣಿಸಿ. ಡಿಸೆಂಬರ್ ಎರಡನೇ ವಾರದ ಸಭೆಯಲ್ಲಿ ಒಪ್ಪಂದವಾಗಬೇಕಾದರೆ ನವೆಂಬರ್ ಮೊದಲ ವಾರ ನೋಟಿಸ್ ಹೊರಬೀಳಬೇಕು. ಅಷ್ಟರೊಳಗೆ ಷರತ್ತುಗಳು ಬಹುಮಟ್ಟಿಗೆ ತೀರ್ಮಾನವಾಗಿರಬೇಕು. ಅದಕ್ಕೆ ಸೆಪ್ಟೆಂಬರಿನಲ್ಲೇ ಮಾತುಕತೆ ಶುರುವಾಗಿರಬೇಕು. ಕ್ರಿಸ್‌ಮಸ್ ಹತ್ತಿರದ ಸಭೆಯನ್ನು ನಂಬಿ ಕೂರಬೇಡಿ, ಸದಸ್ಯರು ಊರಲ್ಲಿ ಇಲ್ಲದಿದ್ದರೆ ವಿಷಯ ಜನವರಿಗೆ ಜಾರುತ್ತದೆ.

ಒಪ್ಪಿಗೆಗೆ ನಿಯಮಿತ ಸಭೆಯಲ್ಲಿ ಬಹುಮತ ಬೇಕು. ಆರ್ಥಿಕ ಅಭಿವೃದ್ಧಿ ಅಧಿಕಾರಿ ಬೆನ್ನು ತಟ್ಟಿ “ಎಲ್ಲ ಆಯಿತು” ಎಂದರೂ ಅದು ಒಪ್ಪಿಗೆಯಲ್ಲ. ಕೌನ್ಸಿಲ್ ಸದಸ್ಯರು ಅಥವಾ ನಗರದ ಯೋಜನಾ ಮಂಡಳಿ ಸದಸ್ಯರು ಮಾಲೀಕರಾಗಿರುವ ಇಲ್ಲವೇ ಗುತ್ತಿಗೆಗೆ ಪಡೆದಿರುವ ಆಸ್ತಿಗೆ ವಿನಾಯಿತಿ ಸಿಗುವುದಿಲ್ಲ. ಬಾಡಿಗೆ ಕಟ್ಟಡ ಹಿಡಿಯುವಾಗ ಮಾಲೀಕರು ಯಾರೆಂದು ವಿಚಾರಿಸಿ. ಸಣ್ಣ ಊರಿನಲ್ಲಿ ಒಳ್ಳೆಯ ಶೆಡ್ಡುಗಳ ಒಡೆಯರು ಯಾರಿರುತ್ತಾರೆಂದು ಬೇರೆ ಹೇಳಬೇಕಿಲ್ಲ.

ಹಂತ 7: ಒಪ್ಪಂದವನ್ನು ಸಾಲು ಸಾಲಾಗಿ ಓದಿ

ಏನೇನು ಕಟ್ಟುತ್ತೀರಿ, ಎಷ್ಟು, ಎಲ್ಲಿ ಎಂಬ ಪಟ್ಟಿ ಕಡ್ಡಾಯ. ನಗರದ ನೌಕರರು ಬಂದು ಪರಿಶೀಲಿಸಲು ಅವಕಾಶ ಕೊಡಬೇಕು. ಕಟ್ಟುತ್ತೇನೆಂದದ್ದನ್ನು ಕಟ್ಟದಿದ್ದರೆ ಬಿಟ್ಟ ತೆರಿಗೆಯನ್ನು ವಸೂಲು ಮಾಡುವ ಷರತ್ತು ಇರಲೇಬೇಕು. ಷರತ್ತು ಪಾಲಿಸುತ್ತಿದ್ದೇನೆಂದು ಪ್ರತಿ ವರ್ಷ ಪ್ರಮಾಣಪತ್ರ ಕೊಡಬೇಕು. ಇವು ಕಾನೂನಿನಲ್ಲೇ ಇರುವುದರಿಂದ ಚೌಕಾಸಿಗೆ ಎಡೆಯಿಲ್ಲ. ಚೌಕಾಸಿ ಮಾಡಬಹುದಾದ ಜಾಗಗಳು ಬೇರೆ ಇವೆ.

ಉದ್ಯೋಗದ ಸಂಖ್ಯೆ. ಅರ್ಜಿ ಚೆನ್ನಾಗಿ ಕಾಣಲಿ ಎಂದು 40 ಎಂದು ಬರೆದು 26ಕ್ಕೆ ನಿಂತವರ ಪಾಡು ಏನು? ಒಂದು ಉದ್ಯೋಗ ಕಡಿಮೆಯಾದರೂ ಒಪ್ಪಂದ ರದ್ದೇ, ಅಥವಾ ಕಡಿಮೆಯಾದ ಪ್ರಮಾಣದಲ್ಲಿ ವಿನಾಯಿತಿ ಇಳಿಯುತ್ತದೆಯೇ? ಎರಡನೆಯದನ್ನು ಬರೆಸಿಕೊಳ್ಳಿ. ಎಣಿಸುವ ದಿನ ಯಾವುದು, ಏಜೆನ್ಸಿಯ ಗುತ್ತಿಗೆ ಕೆಲಸಗಾರರು ಲೆಕ್ಕಕ್ಕೆ ಬರುತ್ತಾರೆಯೇ ಎಂಬುದೂ ಬರಹದಲ್ಲಿರಲಿ.

ತಪ್ಪು ತಿದ್ದಿಕೊಳ್ಳಲು ಕಾಲಾವಕಾಶ. ನೋಟಿಸ್ ಕೊಟ್ಟು ಇಂತಿಷ್ಟು ದಿನ ಬಿಡಬೇಕು ಎಂಬ ಸಾಲು ಇಲ್ಲದಿದ್ದರೆ ಪ್ರಮಾಣಪತ್ರ ಒಂದು ವಾರ ತಡವಾದದ್ದೂ ಷರತ್ತು ಮುರಿದಂತೆಯೇ ಆಗಬಹುದು.

ಕನಿಷ್ಠ ಮೌಲ್ಯದ ಷರತ್ತು. ಆಸ್ತಿಯ ಮೌಲ್ಯ ಇಷ್ಟಕ್ಕಿಂತ ಕೆಳಗೆ ಬರಬಾರದು ಎಂದು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಆಮೇಲೆ ನಿಮ್ಮದೇ ಲೆಕ್ಕಿಗರು ಮೌಲ್ಯ ಹೆಚ್ಚಾಯಿತೆಂದು ತಕರಾರು ಸಲ್ಲಿಸಿ ಗೆದ್ದುಬಂದರೆ ಅದೇ ಗೆಲುವು ಒಪ್ಪಂದ ಮುರಿಯಲು ಕಾರಣವಾಗುತ್ತದೆ.

ಆರಂಭದ ವರ್ಷ. ವಿನಾಯಿತಿ ಹತ್ತು ವರ್ಷ ಮೀರುವಂತಿಲ್ಲ, ಆದರೆ ಸಹಿಯ ದಿನದಿಂದಲೇ ಎಣಿಸಬೇಕೆಂದಿಲ್ಲ. ಮುಂದಿನ ದಿನಾಂಕದಿಂದ ಆರಂಭವಾಗುವಂತೆ ಇಬ್ಬರೂ ಒಪ್ಪಿಕೊಳ್ಳಬಹುದು. ಕಟ್ಟಡ ಮುಗಿಯಲು ಎರಡು ವರ್ಷ ಬೇಕೆಂದಿದ್ದರೆ, ಖಾಲಿ ಜಾಗದ ಮೇಲೆ ಎರಡು ವರ್ಷದ ವಿನಾಯಿತಿಯನ್ನು ಪೋಲು ಮಾಡಬೇಡಿ. ಆದರೆ ಮುಂದೂಡಿದಾಗ ಯಂತ್ರ ತರುವ ದಿನಾಂಕ ಅದಕ್ಕೆ ಹೊಂದುತ್ತದೆಯೇ ಎಂದು ವಕೀಲರನ್ನು ಕೇಳಿ. ಹಂತ 4ರಲ್ಲಿ ಹೇಳಿದ ಲೇತ್ ಯಂತ್ರದ ಕಾಟ ಇಲ್ಲೂ ಬರುತ್ತದೆ.

ಹಂತ 8: ಪ್ರತಿ ವರ್ಷ ಜನವರಿ 1ರಿಂದ ಏಪ್ರಿಲ್ 30

ಒಪ್ಪಂದ ಕಪಾಟು ಸೇರಿತು, ವಿನಾಯಿತಿ ತಾನಾಗಿ ಬರುತ್ತದೆ ಎಂದುಕೊಂಡರೆ ಪೂರ್ತಿ ಬಿಲ್ಲು ಬರುತ್ತದೆ. ಪ್ರತಿ ವರ್ಷ ಏಪ್ರಿಲ್ 30ರೊಳಗೆ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಫಾರಂ 50-116 ಸಲ್ಲಿಸಬೇಕು. ಹತ್ತು ವರ್ಷವೆಂದರೆ ಹತ್ತು ಅರ್ಜಿ. ತಕ್ಕ ಕಾರಣವಿದ್ದರೆ ಮುಖ್ಯ ಮೌಲ್ಯಮಾಪಕರು ಒಂದು ಬಾರಿ 60 ದಿನದವರೆಗೆ ಗಡುವು ವಿಸ್ತರಿಸಬಹುದು, ಆದರೆ ಮರೆತೆ ಎಂಬುದು ತಕ್ಕ ಕಾರಣವಲ್ಲ.

ಇದಕ್ಕೂ ಮೊದಲು, ಏಪ್ರಿಲ್ 15ಕ್ಕೆ ಯಂತ್ರ, ಪೀಠೋಪಕರಣ, ದಾಸ್ತಾನಿನ ವಿವರಪಟ್ಟಿ ಕೊಡುವ ಬೇರೆ ಗಡುವು ಇದೆ. ವಿನಾಯಿತಿಗೆ ಒಳಪಟ್ಟ ಯಂತ್ರಗಳನ್ನೂ ಅದರಲ್ಲಿ ತೋರಿಸಬೇಕು. ಎರಡೂ ಕಾಗದಗಳಲ್ಲಿ ಯಂತ್ರದ ಹೆಸರು, ಬೆಲೆ ಒಂದೇ ಆಗಿರಲಿ. ಒಂದರಲ್ಲಿ “ಮಿಲ್ಲಿಂಗ್ ಯಂತ್ರ”, ಇನ್ನೊಂದರಲ್ಲಿ “ಉಪಕರಣ–3” ಎಂದಿದ್ದರೆ ಮೌಲ್ಯಮಾಪಕರು ಎರಡನ್ನೂ ಸೇರಿಸಿ ತೆರಿಗೆ ಹಾಕಿದರೆ ಅವರನ್ನು ದೂರುವಂತಿಲ್ಲ.

ಮೌಲ್ಯದ ನೋಟಿಸ್ ಬಂದ ದಿನವೇ ಲಕೋಟೆ ಒಡೆದು ವಿನಾಯಿತಿಯ ಸಾಲು ಇದೆಯೇ ನೋಡಿ. ತಕರಾರಿಗೆ ಗಡುವು ಮೇ 15 ಅಥವಾ ನೋಟಿಸ್ ಕಳುಹಿಸಿದ 30 ದಿನ, ಯಾವುದು ತಡವೋ ಅದು.

ಕಂಪನಿಯ ಹೆಸರು ಬದಲಾಯಿಸಿದರೆ, ಪಾಲುದಾರರು ಬಂದರೆ, ಕಟ್ಟಡವನ್ನು ಬೇರೆ ಕಂಪನಿಯ ಹೆಸರಿಗೆ ವರ್ಗಾಯಿಸಿದರೆ ಒಪ್ಪಂದದ ವರ್ಗಾವಣೆ ಷರತ್ತನ್ನು ತೆರೆದು ಓದಿ. ಮೊದಲು ಕೌನ್ಸಿಲ್ ಒಪ್ಪಿಗೆ ಪಡೆಯಬೇಕೆಂದು ಅದರಲ್ಲಿ ಇರುವುದೇ ಹೆಚ್ಚು.

ಆಗಲೇ ಮಣ್ಣು ಅಗೆದಿದ್ದರೆ

ಈ ಮಾರ್ಗದರ್ಶಿ ತಡವಾಗಿ ಕೈಗೆ ಸಿಕ್ಕಿದ್ದರೆ 312ನೇ ಅಧ್ಯಾಯದ ಬೆನ್ನು ಹತ್ತಿ ಸಮಯ ಕಳೆಯಬೇಡಿ. ಸ್ಥಳೀಯ ಸರ್ಕಾರ ಸಂಹಿತೆಯ 380ನೇ ಅಧ್ಯಾಯದಡಿ ನಗರಗಳು, 381ನೇ ಅಧ್ಯಾಯದಡಿ ಕೌಂಟಿಗಳು ಅನುದಾನ ಅಥವಾ ಸಾಲ ಕೊಡಬಹುದು. ತೆರಿಗೆ ಪೂರ್ತಿ ಕಟ್ಟಿ, ಒಂದು ಪಾಲನ್ನು ಅನುದಾನವಾಗಿ ಹಿಂದಕ್ಕೆ ಪಡೆಯುವ ರೀತಿಯ ಒಪ್ಪಂದಗಳು ಇದರಡಿ ನಡೆಯುತ್ತವೆ. ಇನ್ನೂ ಆಗದ ಎರಡನೇ ಹಂತದ ವಿಸ್ತರಣೆ ಇದ್ದರೆ ಅದನ್ನು ಮಾತ್ರ ಬೇರ್ಪಡಿಸಿ 312ರಡಿ ಅರ್ಜಿ ಹಾಕುವ ದಾರಿಯೂ ಉಂಟು. ಹಳೆಯ ಘಟಕದ ವಿಸ್ತರಣೆ, ಆಧುನೀಕರಣಕ್ಕೂ ಮಾರ್ಗಸೂಚಿಯಲ್ಲಿ ಅವಕಾಶವಿರಬೇಕು ಎಂದೇ ಕಾನೂನು ಹೇಳುತ್ತದೆ. ತುಮಕೂರಿನವರು ಕೊನೆಗೆ ಮಾಡಿದ್ದು ಇದನ್ನೇ. ಎರಡನೇ ಶೆಡ್ಡಿಗೆ ಪೂಜೆ ಬೇಸಿಗೆಯಲ್ಲಾಯಿತು. ಜೆಸಿಬಿ ಮಾತ್ರ ಕೌನ್ಸಿಲ್ ಮತ ಹಾಕಿ, ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಅಕ್ಟೋಬರಿನಲ್ಲಿ ಬಂತು.